ಧಾರೆ ಸೀರೆಯಲ್ಲಿ ಸತ್ತ ನಾಯಕಿ

ಕಳೆದ ಭಾನುವಾರ ಮಧ್ಯಾಹ್ನ ಮಾಟುಂಗದಲ್ಲಿ ನನ್ನ ಗಂಡ ನನ್ನ ಧಾರೆ ಸೀರೆ ಉಟ್ಟುಕೊಂಡು ಪ್ರಾಣ ಬಿಟ್ಟರು.

ಗಾಬರಿಯಾಗಬೇಡಿ. ನಾನಿದನ್ನು ಬರೆಯುತ್ತಿರುವಾಗ ಅವರು ಕಿಟಕಿಯ ಪಕ್ಕ ಕುಳಿತು ಅವಲಕ್ಕಿ ತಿನ್ನುತ್ತಿದ್ದಾರೆ. (ಒಗ್ಗರಣೆಗೆ ಮೆಣಸಿನಕಾಯಿ ಕಡಿಮೆಯಾಯಿತಂತೆ. ಸತ್ತು ಬದುಕಿದರೂ ನಾಲಿಗೆ ಬದಲಾಗಲಿಲ್ಲ.)

ನಮ್ಮ ಕನ್ನಡ ಸಂಘದವರು ವರ್ಷಕ್ಕೊಂದು ಸಂಗೀತ ನಾಟಕ ಆಡುತ್ತಾರೆ. ನಮ್ಮ ಕಡೆಯವರಿಗೆ ನಾಟಕವೆಂದರೆ ಪ್ರಾಣ. ಆದರೆ ಮನೆಯ ಹೆಣ್ಣುಮಗಳು ಬಣ್ಣ ಹಚ್ಚುತ್ತೇನೆ ಅನ್ನಲಿ ನೋಡೋಣ! ಹಾಗಾಗಿ ನಮ್ಮ ಸಂಘದಲ್ಲಿ ಇವತ್ತಿಗೂ ಹೆಣ್ಣು ಪಾತ್ರಕ್ಕೆ ಗಂಡಸರೇ ಗತಿ.

ಇಷ್ಟು ವರ್ಷ ನಾಯಕಿಯೆಂದರೆ ಶೀನಪ್ಪನವರು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ, ಕಂಚಿನ ಕಂಠ. ಆದರೆ ಈ ವರ್ಷ ಅವರ ಹೊಟ್ಟೆ ಯಾವ ಸೆರಗಿನ ಮಾತನ್ನೂ ಕೇಳಲಿಲ್ಲ. ನಾಟಕದ ಮಾಸ್ತರರು ನಾಯಕಿಯ ಪಾತ್ರವನ್ನು ನಮ್ಮವರಿಗೆ ಕೊಟ್ಟುಬಿಟ್ಟರು. ನಮ್ಮವರು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರು. ಸಣಕಲು ಮೈ. ಇಷ್ಟು ದಿನ ಪರದೆಯ ಹಿಂದೆ ನಿಂತು ಎಲ್ಲರ ಜೊತೆ ದನಿಗೂಡಿಸಿದವರು. ಉಳಿದಂತೆ ಗಡ್ಡ ಕೆರೆದುಕೊಳ್ಳುವಾಗ ಹಾಡುವುದು, ಚಾಳಿನ ಅಕ್ಕಪಕ್ಕದ ಮನೆಯವರು ಗೋಡೆ ಬಡಿದರೆ ನಿಲ್ಲಿಸುವುದು.

ನಾಟಕದ ಕಥೆಯೂ ನಾಟಕದವರದ್ದೇ. ರಾಜಧಾನಿಯ ಮಂಡಳಿಯಲ್ಲಿ ಒಬ್ಬ ನಟಿ. ಅವಳಿಗೂ ಯುವ ಸೇನಾಪತಿಗೂ ಪ್ರೀತಿ. ಅದೇ ಸೇನಾಪತಿಯ ಮೇಲೆ ರಾಜಕುಮಾರಿಗೂ ಕಣ್ಣು. ಹೊಟ್ಟೆಕಿಚ್ಚಿಗೆ ರಾಜಕುಮಾರಿ ಮಲ್ಲಿಗೆ ದಂಡೆಗೆ ವಿಷ ಸವರಿ, ಪ್ರಿಯಕರನೇ ಕಳಿಸಿದ್ದೆಂದು ನಂಬಿಸಿ ಕಳಿಸುತ್ತಾಳೆ. ನಟಿ ಅದನ್ನು ಮೂಸಿ, ಹಾಡುತ್ತ ಹಾಡುತ್ತ ಅವನ ತೊಡೆಯ ಮೇಲೆ ಸಾಯುತ್ತಾಳೆ.

ರಾಜಕುಮಾರಿ ಯಾರು ಅಂತೀರಿ? ಶೀನಪ್ಪ! ಅವರಿಗೆ ಹೊಟ್ಟೆಕಿಚ್ಚಿನ ಅಭಿನಯ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ ಎಂದು ಮಾಸ್ತರರೇ ನಕ್ಕರು.

ನಾಯಕಿಗೆ ಒಳ್ಳೆಯ ಇಳಕಲ್ ಸೀರೆ ಬೇಕೆಂದಾಗ ಟ್ರಂಕಿನಿಂದ ಧಾರೆ ಸೀರೆ ತೆಗೆದುಕೊಟ್ಟವಳು ನಾನೇ. ಕೊನೆಗೆ ಅವಳು ಸಾಯುತ್ತಾಳೆಂದು ಆಗ ಯಾರೂ ಹೇಳಿರಲಿಲ್ಲ. ಗೊತ್ತಾದ ಮೇಲೆ ಇವರ ಮುಂದೆ ಹೋಗಿ ನಿಂತೆ. ಧಾರೆ ಎರೆದ ಸೀರೆಯಲ್ಲಿ ಧಾರೆ ಎರೆಸಿಕೊಂಡವರೇ ಸಾಯುವುದೆ? ಅದೂ ನನ್ನ ಕಣ್ಣೆದುರಿಗೆ?

"ಹಗಲೆಲ್ಲಾ ಸುಳ್ಳು ಲೆಕ್ಕಾ ಬರದಾಂವಗ ಒಂದು ಸುಳ್ಳು ಸಾವು ಏನು ಹೆಚ್ಚಿಂದು?" ಎಂದರು ಇವರು.

"ಒಂದಾದರ ಆತು. ಎರಡನೇದ್ದು ಬ್ಯಾಡ್ರಿ" ಎಂದೆ.

ಎರಡನೆಯದು ಎಲ್ಲಿಂದ ಬಂತು ಎಂದು ಪಟ್ಟಣದಲ್ಲೇ ಹುಟ್ಟಿ ಬೆಳೆದವರು ಕೇಳಬಹುದು. ಊರಲ್ಲಿ ಕಂಪನಿ ನಾಟಕ ನೋಡಿದವರಿಗೆ ಗೊತ್ತು. ಹಾಡು ಚೆನ್ನಾಗಿತ್ತೋ, ಜನ 'ಒನ್ಸ್‌ಮೋರ್' ಅನ್ನುತ್ತಾರೆ. ಸತ್ತ ರಾಜನೂ ಎದ್ದು ಧೂಳು ಕೊಡವಿಕೊಂಡು, ಅದೇ ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯಬೇಕು. ಜನ ಕೇಳಿದ ಮೇಲೆ ಏಳದವನು ನಟನೇ ಅಲ್ಲ.

ಇವರು ದೇವರ ಗೂಡಿನ ಮುಂದೆ ಕೈಮುಗಿದು, "ರಾಯರ ಆಣೆ, ಒಮ್ಮೆ ಸತ್ತರ ಏಳೂದಿಲ್ಲ" ಎಂದು ಮಾತು ಕೊಟ್ಟರು. ನಾನು ತುಪ್ಪದ ದೀಪ ಹಚ್ಚಿದೆ. ಮನಸ್ಸು ಹಗುರಾಯಿತು.

ಭಾನುವಾರ ಸಾಂತಾಕ್ರೂಜ್‌ನಲ್ಲಿ ಲೋಕಲ್ ಹತ್ತಿದೆವು. ಕೂರಲು ಜಾಗ ಸಿಕ್ಕಿತು. (ಅದೇನು ಸಣ್ಣ ಕೃಪೆಯೆ?) ನನ್ನ ಜೊತೆ ಪಕ್ಕದ ಖೋಲಿಯ ಅಮೀನಾಬಿ. ವಿಜಾಪುರದ ಕಡೆಯವಳು. ಇವರ ರವಿಕೆ ಹೊಲಿದದ್ದು ಅವಳ ಗಂಡನೇ. "ಅರೆ ಅಕ್ಕಾ, ಅಣ್ಣಾರು ಅಳತಿ ಕೊಡುವಾಗ ನಾಚಿದ್ದು ನೋಡಬೇಕಿತ್ರಿ" ಎಂದು ದಾರಿಯುದ್ದಕ್ಕೂ ನಗುತ್ತಿದ್ದಳು.

ಹಾಲ್ ತುಂಬಿತ್ತು. ಶೀನಪ್ಪನವರ ವರ್ಕ್‌ಶಾಪಿನ ಗೆಳೆಯರು ಒಂದಿಡೀ ಸಾಲು ಹಿಡಿದು ಕೂತಿದ್ದರು. ಇವರು ರಂಗಕ್ಕೆ ಬಂದದ್ದೇ ತಡ, "ಲೇ, ನಾಯಕಿ ಉಪವಾಸ ಬಿದ್ದಾಳ, ಯಾರರೆ ಎರಡು ಇಡ್ಲಿ ಕೊಡ್ರಲೇ!" ಎಂದು ಕೂಗಿದರು. ಎಲ್ಲರೂ ಗೊಳ್ಳೆಂದರು. ನನ್ನ ಕಿವಿ ಬಿಸಿಯಾಯಿತು.

ಆಮೇಲೆ ಇವರು ಹಾಡಿದರು.

ಏನು ಹೇಳಲಿ? ಇಷ್ಟು ವರ್ಷ ಆ ಕಂಠದ ಜೊತೆ ಸಂಸಾರ ಮಾಡಿದ್ದೇನೆ. ರೇಷನ್ ಸಕ್ಕರೆ ತಂದೆಯಾ, ಸೀಮೆಎಣ್ಣೆ ಬಂತಾ ಎಂದು ಕೇಳುವ ಕಂಠ. ಅದರೊಳಗೆ ಇಷ್ಟೆಲ್ಲ ಇತ್ತೆಂದು ನನಗೂ ಗೊತ್ತಿರಲಿಲ್ಲ. ಇಡ್ಲಿಯ ಸಾಲು ಸುಮ್ಮನಾಯಿತು. ಮಲ್ಲಿಗೆ ದಂಡೆ ಬಂದಾಗ ಮುಂದೆ ಕೂತ ಅಜ್ಜಿಯೊಬ್ಬರು, "ಮೂಸಬ್ಯಾಡವ್ವಾ, ನನ್ನ ಕೂಸಾ!" ಎಂದು ಎದ್ದೇ ನಿಂತರು. ಇವರು ಮೂಸಿದರು. ಹಾಡಿದರು. ದನಿ ಸಣ್ಣಗಾಗುತ್ತ ಹೋಯಿತು. ಕೈ ಜಾರಿತು. ನಾನು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ರಾಯರ ಹೆಸರು ಹೇಳುತ್ತಲೇ ಇದ್ದೆ.

ಆಮೇಲೆ "ಒನ್ಸ್‌ಮೋರ್!"

ಮೊದಲು ಕೂಗಿದ್ದು ಯಾರು? ಅದೇ ಇಡ್ಲಿಯ ಸಾಲು! ಹಿಂದೆಯೇ ಇಡೀ ಹಾಲ್ ಕೂಗಿತು. ಹಾರ್ಮೋನಿಯಂ ಪೇಟಿ ಬಾರಿಸುವವರು ಹಾಡಿನ ಮೊದಲ ಸ್ವರ ಕೊಟ್ಟರು. ಇವರು ಏಳಲಿಲ್ಲ. ಇನ್ನೊಮ್ಮೆ ಕೊಟ್ಟರು. ಊಹೂಂ, ಕಟ್ಟಿಗೆಯಂತೆ ಬಿದ್ದಿದ್ದಾರೆ. ಪರದೆಯ ಅಂಚಿನಿಂದ ರಾಜಕುಮಾರಿಯ ಕಿರೀಟ ಹೊರಗೆ ಬಂತು. "ಏಳೋ ಮಾರಾಯಾ, ಮಂದಿ ಕೇಳಾಕತ್ತದ! ನನಗರೆ ಹಿಂಗ ಯಾವಾಗ ಕೇಳಿದ್ರು?" ಶೀನಪ್ಪನವರ ಪಿಸುಮಾತು ಐದನೇ ಸಾಲಿನ ನನಗೂ ಕೇಳಿಸಿತು.

ಇವರು ಅಲುಗಲಿಲ್ಲ.

"ಅಣ್ಣಾರು ಯಾಕ ಏಳವಲ್ರು ಅಕ್ಕಾ? ಖರೇನ ಏನರೆ ಆತೇನು?" ಅಮೀನಾಬಿ ನನ್ನ ಕೈ ಹಿಡಿದಳು.

ಯಾಕೆ ಏಳುತ್ತಿಲ್ಲವೆಂದು ಆ ಹಾಲ್‌ನಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಸತ್ತವರಿಗೆ ಮತ್ತು ನನಗೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ, "ದಮ್ಮು ಮುಗೀತು ಕಾಣ್ತದ! ಒಂದ ಹಾಡಿಗೆ ಗಾಡಿ ನಿಂತಿತು!" ಎಂದರು. ನಗು ಶುರುವಾಯಿತು. ಅಳುತ್ತಿದ್ದ ಅಜ್ಜಿಯೂ ಕಣ್ಣೊರೆಸಿಕೊಂಡು ನಕ್ಕರು. ಜೀವಮಾನದಲ್ಲಿ ಒಮ್ಮೆ ಬಂದ ಮೆಚ್ಚುಗೆ ನನ್ನ ಕಣ್ಣೆದುರಿಗೇ ನಗೆಪಾಟಲಾಗುತ್ತಿತ್ತು. ಮನುಷ್ಯ ಮಾತ್ರ ನನಗೆ ಕೊಟ್ಟ ಮಾತನ್ನು ಹಿಡಿದುಕೊಂಡು ಅಲ್ಲಾಡದೆ ಮಲಗಿದ್ದರು.

ಹೆಂಡತಿಗೆ ಕೊಟ್ಟ ಮಾತಿಗಾಗಿ ಚಪ್ಪಾಳೆಯನ್ನೇ ಬಿಟ್ಟ ಗಂಡಸನ್ನು ನೀವು ಎಷ್ಟು ಕಡೆ ನೋಡಿದ್ದೀರಿ?

ರಾಯರೇ, ಎಂದೆ ಮನಸ್ಸಿನಲ್ಲಿ. ಈ ಕಂಠ ಕೊಟ್ಟವರು ನೀವು. ಇದನ್ನು ಮುಚ್ಚಿಸಿ ನನ್ನ ತಾಳಿ ಕಾಯುವುದು ನಿಮಗೂ ಶೋಭೆಯಲ್ಲ. ಆಣೆ ಬಿಡಿಸಿದ್ದೇನೆ. ತಪ್ಪಾದರೆ ನನ್ನದು, ಕಾಯುವ ಕೆಲಸ ನಿಮ್ಮದು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತೆ. ದೇವಸ್ಥಾನದಲ್ಲೂ ದನಿಯೆತ್ತಿ ಹಾಡದವಳು, ಅಷ್ಟು ಗಂಡಸರ ನಡುವೆ ಗಂಟಲು ಹರಿಯುವಂತೆ ಕೂಗಿದೆ.

"ಒನ್ಸ್‌ಮೋರ್!"

ಹೆಣವು ಒಂದು ಕಣ್ಣು ತೆರೆಯಿತು. ನನ್ನನ್ನೇ ನೋಡಿತು. ನಾನು ತಲೆಯಾಡಿಸಿದೆ.

ಇವರು ಎದ್ದರು. ನನ್ನ ಧಾರೆ ಸೀರೆಯ ನಿರಿಗೆಯನ್ನು ನಾನು ಸರಿಮಾಡಿಕೊಳ್ಳುವ ಹಾಗೆಯೇ ಸರಿಮಾಡಿಕೊಂಡರು. (ಯಾವಾಗ ನೋಡಿ ಕಲಿತಿದ್ದರೋ!) ಹಾಡಿದರು. ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿ ಸತ್ತರು. ಇಡ್ಲಿಯ ಸಾಲು ಸೀಟಿಯ ಮೇಲೆ ಸೀಟಿ ಹೊಡೆಯಿತು.

ಆಟ ಮುಗಿದ ಮೇಲೆ ಒಳಗೆ ಹೋದೆ. ಶೀನಪ್ಪನವರು ಕಿರೀಟ ಕೈಯಲ್ಲಿ ಹಿಡಿದು, "ವೈನೀ, ಮುಂದಿನ ವರ್ಷ ಆ ಧಾರೆ ಸೀರಿ ನನಗ ಕೊಡ್ರಿ. ಅದರಾಗ ಏನೋ ಅದ" ಎಂದರು. ಕಣ್ಣು ಕೆಂಪಾಗಿತ್ತು. ಒಳಗೆ ಬಣ್ಣ ಹೋಗಿತ್ತೋ, ಏನೋ.

"ಕೊಡ್ತೀನ್ರಿ. ಮದಲ ಹೊಟ್ಟಿ ಇಳಿಸಿಕೊಂಡು ಬರ್ರಿ" ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಮನೆಗೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆ. ದೀಪ ಹಚ್ಚಿದೆ. ಸೀರೆಗೆ ಕಲೆಯಾಗಿರಲಿಲ್ಲ, ಬಗಲಲ್ಲಿ ಒಂದಿಷ್ಟು ಪೌಡರ್ ಮಾತ್ರ. ಎರಡು ಸಲ ಸತ್ತರೂ ಇವರು ಒಂದು ಸೀನೂ ಸೀನಲಿಲ್ಲ. ಇಷ್ಟು ದಿನ ಗೋಡೆ ಬಡಿಯುತ್ತಿದ್ದ ಚಾಳಿನವರು ಮರುದಿನ ಬೆಳಿಗ್ಗೆ ಗಡ್ಡ ಕೆರೆಯುವ ಹೊತ್ತಿಗೆ ಹಾಡು ಕೇಳಲು ಬಾಗಿಲಲ್ಲಿ ಬಂದು ನಿಂತಿದ್ದರು.

ಮುತ್ತೈದೆಯರು ನಕ್ಕರೂ ನಗಲಿ, ನಾನು ಎದೆಯುಬ್ಬಿಸಿಯೇ ಕೇಳುತ್ತೇನೆ: ತಾಳಿ ಕಟ್ಟಿದವರ ಸಾವಿಗೆ ತಾನೇ ಎದ್ದು ನಿಂತು ಒನ್ಸ್‌ಮೋರ್ ಹೇಳಿದ ಹೆಂಡತಿ ಈ ಮುಂಬಯಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬಳಿದ್ದಾಳೆಯೆ?