ಸರ್ ಮನೆ ಮುಂದಿನ ಮೆಟ್ಟಿಲು

ಸರ್ ಅವರ ಬಲಗಾಲಿನ ಪ್ಯಾಂಟಿಗೆ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪೊಂದು ಯಾವಾಗಲೂ ಕಚ್ಚಿಕೊಂಡಿರುತ್ತಿತ್ತು. ಸೈಕಲ್ ಚೈನಿಗೆ ಬಟ್ಟೆ ಸಿಗದಿರಲಿ ಎಂದು ಹಾಕಿಕೊಂಡದ್ದು, ಇಳಿದ ಮೇಲೆ ತೆಗೆಯಲು ನೆನಪಾಗುತ್ತಿರಲಿಲ್ಲ. ಅದರಲ್ಲೇ ಆಫೀಸು, ಅದರಲ್ಲೇ ನನ್ನ ಮದುವೆಯ ಊಟ. ಫೋಟೋ ನೋಡಿ ನನ್ನ ಅತ್ತೆ "ಇವರ್ಯಾರು?" ಎಂದಾಗ, ನನಗೆ ಅಳೆಯೋದು ಕಲಿಸಿದವರು ಎಂದೆ. ಅವರಿಗೆ ತಲೆಬುಡ ಅರ್ಥವಾಗಲಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಊರುಗಳಲ್ಲಿ ಜನ ನಡೆಯುವ, ಸೈಕಲ್ ತುಳಿಯುವ ದಾರಿಗಳನ್ನೆಲ್ಲ ಒಂದೇ ನಕ್ಷೆಗೆ ತರುವ ಕೆಲಸ ನಮ್ಮದು. ಎಲ್ಲಿ ಫುಟ್‌ಪಾತ್ ಕಟ್ಟಬೇಕು, ಎಲ್ಲಿ ಅಡ್ಡವಿದ್ದದ್ದನ್ನು ಒಡೆಯಬೇಕು ಎಂಬುದು ಆ ನಕ್ಷೆಯ ಮೇಲೆ ತೀರ್ಮಾನವಾಗುವುದಿತ್ತು. ನಾನು ಕೊಂಡ್ಲಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಚಳ್ಳಕೆರೆಯ ಆಫೀಸಿಗೆ ಬರುತ್ತಿದ್ದೆ. ಸರ್ ಚಳ್ಳಕೆರೆಯವರೇ, ನಿವೃತ್ತ ಡ್ರಾಫ್ಟ್ಸ್‌ಮನ್, ಎರಡೂ ತಂಡಗಳಿಗೆ ಮುಖ್ಯಸ್ಥರು. ಸೈಕಲ್ ದಾರಿಯನ್ನು ಗುರುತಿಸುವ ಮೊದಲು ಕ್ಯಾರಿಯರ್‌ಗೆ ನೀರಿನ ಕ್ಯಾನು ಕಟ್ಟಿಕೊಂಡು ತಾವೇ ತುಳಿದು ನೋಡುತ್ತಿದ್ದರು. ಎಲ್ಲಾದರೂ ಕಾಲು ನೆಲಕ್ಕೆ ಊರಬೇಕಾಗಿ ಬಂದರೆ ಆ ದಾರಿ ನಪಾಸು.

ಎರಡೂ ಊರುಗಳನ್ನು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆದ ದಿನ ನಮ್ಮ ಮಾನ ಹೋಯಿತು. ಮೊಳಕಾಲ್ಮೂರಿನ ತುಂಬ ಫುಟ್‌ಪಾತ್, ಚಳ್ಳಕೆರೆಯ ತುಂಬ ಒತ್ತುವರಿ. ಮೊಳಕಾಲ್ಮೂರಿನ ತಂಡದವರು ಮನೆಗಳ ಮುಂದಿನ ಜಗಲಿಗಳನ್ನೆಲ್ಲ ಫುಟ್‌ಪಾತ್ ಎಂದು ಬರೆದಿದ್ದರು. ನಾವೋ, ಗೋಡೆಯಿಂದ ಮುಂದೆ ಬಂದದ್ದೆಲ್ಲ ಒತ್ತುವರಿ ಎಂದು ಬರೆದಿದ್ದೆವು. ಸರ್ ಕನ್ನಡಕ ಒರೆಸಿಕೊಂಡು, "ಮೊಳಕಾಲ್ಮೂರು ಸಿಂಗಾಪುರ ಆಗ್ಬಿಟ್ಟೈತಲ್ರಪ್ಪಾ, ನಡೀರಿ, ನೋಡ್ಕೊಂಡು ಬರಾಣ" ಎಂದರು.

ನೇಕಾರರ ಬೀದಿಯಲ್ಲಿ ಜಗಲಿಗೆ ಜಗಲಿ ಅಂಟಿಕೊಂಡಿದ್ದವು. ಒಂದು ಜಗಲಿಯ ಮೇಲೆ ರೇಷ್ಮೆ ನೂಲು ಸುತ್ತುತ್ತಿದ್ದ ಅಜ್ಜಿ ನಮ್ಮ ಟೇಪು ನೋಡಿ ಕೈ ನಿಲ್ಲಿಸಿದಳು.

"ಏಮಪ್ಪಾ, ಜಗಲಿ ಒಡೀತೀರಾ?"

"ನಾವು ಒಡೆಯೋರಲ್ಲಮ್ಮ, ಅಳೆಯೋರು" ಎಂದರು ಸರ್.

"ಅಳೆಯೋರು ಬಂದು ಹೋದ ಮ್ಯಾಲೆ ಒಡೆಯೋರು ಬರ್ತಾರಲ್ಲಪ್ಪಾ."

ಸರ್ ಅವಳ ಪಕ್ಕ ಕೂತರು. ಶಾಲೆ ಬಿಟ್ಟ ಮಕ್ಕಳು, ಹಾಲಿನವನು, ಊರಿಗೆ ಹೊಸಬನಂತೆ ಕಂಡವನೊಬ್ಬ, ಎಲ್ಲರೂ ಯಾರನ್ನೂ ಕೇಳದೆ ಜಗಲಿಗಳ ಮೇಲೇ ನಡೆದು ಹೋದರು. ಅಜ್ಜಿ ನೂಲನ್ನು ತುಸು ಒಳಕ್ಕೆ ಎಳೆದುಕೊಳ್ಳುತ್ತಿದ್ದಳು, ಅಷ್ಟೇ. ಸಂಜೆ ಸರ್ ಎರಡೂ ಊರುಗಳಿಗೆ ಒಂದೇ ನಿಯಮ ಮಾಡಿದರು. ಅದಕ್ಕೆ ಫುಟ್‌ಪಾತ್ ಅಂತಲೂ ಬೇಡ, ಒತ್ತುವರಿ ಅಂತಲೂ ಬೇಡ. ಅಗಲ ಎಷ್ಟು, ಎತ್ತರ ಎಷ್ಟು ಬರೆಯಿರಿ. ಗುರುತಿಲ್ಲದವನು ರಸ್ತೆಗೆ ಇಳಿಯದೆ ದಾಟಬಹುದೋ ಇಲ್ಲವೋ ಬರೆಯಿರಿ. ದಾಟಬಹುದಾದರೆ ಅದು ಉಳಿಯುತ್ತದೆ.

ಚಳ್ಳಕೆರೆಯನ್ನು ಮತ್ತೆ ಮೊದಲಿಂದ ಅಳೆದೆವು. ಸರ್ ಮನೆಯ ಬೀದಿ ಬಂದ ದಿನ ಅವರು ಆಫೀಸಿನಲ್ಲೇ ಉಳಿದರು. "ನಾನಿದ್ರೆ ನಿಮ್ಮ ಟೇಪು ಅಳ್ಳಾಡ್ತದೆ" ಎಂದರು. ಮನೆ ಮುಂದೆ ಕಬ್ಬಿಣದ ಹಿಡಿಕೆಯಿರುವ ಅಗಲವಾದ ಮೆಟ್ಟಿಲುಗಳು ರಸ್ತೆಯ ಅಂಚಿನವರೆಗೆ ಬಂದಿದ್ದವು. ನಾನು ಚಾಚಿ ಎನ್ನುತ್ತಿದ್ದ ಅವರ ಹೆಂಡತಿ ಅದೇ ಮೆಟ್ಟಿಲ ಮೇಲೆ ನಿಂತು ನಮಗೆ ಚಹಾ ಕೊಟ್ಟರು.

"ಏನು ಬರ್ಕೊಂತಿದೀಯ ಬೇಟಾ?"

"ಮೆಟ್ಲು, ಚಾಚಿ."

"ಬರ್ಕೊ, ಬರ್ಕೊ. ನನ್ನ ಮಂಡಿನೋವಿಗೆ ಅಂತ ಇಷ್ಟು ಗಿಡ್ಡಕ್ಕೆ ಕಟ್ಸಿದ್ರು. ಚೆನ್ನಾಗಿಲ್ವಾ?"

ಚೆನ್ನಾಗಿದೆ ಎಂದೆ. ಆದರೆ ಹಿಡಿಕೆ ಅಡ್ಡವಿದ್ದುದರಿಂದ ಯಾರೇ ಬಂದರೂ ಅಲ್ಲಿ ರಸ್ತೆಗೆ ಇಳಿಯಲೇಬೇಕಿತ್ತು. ದಾಟಲಾಗದು ಎಂದು ಬರೆದೆ.

ಆಫೀಸಿನಲ್ಲಿ ಜೊತೆಯವನೊಬ್ಬ ಮೆಲ್ಲಗೆ, "ಸರ್, ಚಾಚಿಗೆ ಮಂಡಿನೋವು ಐತಲ್ರಿ, ಇದೊಂದು ಬಿಡಾಣ" ಎಂದ.

"ಮೊಳಕಾಲ್ಮೂರಿನ ಅಜ್ಜಿಗೂ ಮಂಡಿ ಐತೆ ಕಣಲೇ" ಎಂದರು ಸರ್. ನಾನು ಬರೆದದ್ದನ್ನು ಓದಿದರು. ಒಂದಕ್ಷರ ತಿದ್ದಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಅಜ್ಜಿಯ ಜಗಲಿ ಉಳಿಯಿತು. ಚಾಚಿಯ ಮೆಟ್ಟಿಲನ್ನು ಒಡೆದರು. ಸರ್ ಅದೇ ವಾರ ಗೋಡೆ ಕೊರೆಸಿ, ಮೆಟ್ಟಿಲುಗಳನ್ನು ಮುಂದಿನ ಕೋಣೆಯೊಳಕ್ಕೆ ತಂದು, ಮತ್ತೆ ಅಷ್ಟೇ ಗಿಡ್ಡಕ್ಕೆ ಕಟ್ಟಿಸಿದರಂತೆ. ಚಾಚಿ ತಮ್ಮ ಜೊತೆ ಮಾತು ಬಿಟ್ಟಿದ್ದಾರೆ ಎಂದು ಸರ್ ನಗುತ್ತ ಹೇಳಿದ್ದರು. ನನಗೆ ಮಾತ್ರ ಆ ಮನೆಗೆ ಕಾಲಿಡುವ ಧೈರ್ಯವಾಗಲಿಲ್ಲ. ನಾನು ಮತ್ತೆ ಅಲ್ಲಿಗೆ ಹೋದದ್ದು ಸರ್ ತೀರಿಕೊಂಡ ಮೇಲೆ.

ಚಾಚಿ ಕೈಹಿಡಿದು ಒಳಗೆ ಕರೆದರು. ಕೋಣೆಯ ಅರ್ಧವನ್ನು ಮೆಟ್ಟಿಲುಗಳೇ ತಿಂದಿದ್ದವು. ಉಳಿದದ್ದರಲ್ಲಿ ಒಂದು ಮಂಚ, ನೆಲದ ಮೇಲೊಂದು ಚಾಪೆ.

"ನನ್ನ ಮೇಲೆ ಸಿಟ್ಟಿಲ್ವಾ ಚಾಚಿ?" ಎಂದು ಕೇಳಿಯೇಬಿಟ್ಟೆ.

"ನಿನ್ ಮ್ಯಾಲೆ ಯಾಕೆ? ನನ್ನ ಸಿಟ್ಟೆಲ್ಲ ಅವರ ಮ್ಯಾಲೇನೇ." ಚಾಪೆಯ ಕಡೆ ಕೈ ತೋರಿಸಿದರು. "ಮೆಟ್ಲು ಒಳಗೆ ಬಂದ್ಮೇಲೆ ಅವರ ಕುರ್ಚಿಗೆ ಜಾಗ ಇರ್ಲಿಲ್ಲ. ಹೊರಗೆ ಫುಟ್‌ಪಾತ್ ಇಷ್ಟಗಲ ಐತೆ, ಸಂಜೆ ಹೊತ್ತು ಹಾಕ್ಕೊಂಡು ಕೂತ್ಕೊಳ್ರಿ, ಯಾರು ಕೇಳ್ತಾರೆ ಅಂದೆ. ಜನ ರಸ್ತೆಗೆ ಇಳೀಬೇಕಾಗ್ತದೆ ಅಂದ್ರು. ಕೊನೇತನಕ ಇಲ್ಲೇ, ನೆಲದ ಮ್ಯಾಲೇ ಕೂತ್ರು ಬೇಟಾ."