ಕೊರೋಚಿಯ ತಪಾಸಣೆ ಕಾರ್ಡು

ಸುಜಾತಾ, ಕೊರೋಚಿಯ ಆರೋಗ್ಯ ಶಿಬಿರದಲ್ಲಿ ನಿಮ್ಮವ್ವನ ಹೊಟ್ಟೆಯನ್ನು ನಾನು ಮುಟ್ಟಿಯೇ ಇರಲಿಲ್ಲ. ಮುಟ್ಟಿ ನೋಡಿದವಳಂತೆ ಕಾರ್ಡಿನಲ್ಲಿ ಬರೆದೆ — ‘ಹೊಟ್ಟೆ ಮೃದು, ಗಂಟಿಲ್ಲ.’ ಆ ಅಕ್ಷರ ನನ್ನದು.

ಆಗ ನಾನು ಹತ್ತಿರದ ಕೊಲ್ಹಾಪುರದಲ್ಲಿ ಡಾಕ್ಟರಿಕೆ ಓದುತ್ತಿದ್ದೆ. ಜಾತಿ ನೋಡಿ ರೋಗಿಯನ್ನು ದೂರ ಇಡುವುದು ನಿಲ್ಲಬೇಕೆಂದು ನಾವು ಕೆಲವು ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡಿದ್ದೆವು. ‘ಯಾವ ರೋಗಿಯನ್ನೂ ಮುಟ್ಟದೆ ಕಳಿಸುವುದಿಲ್ಲ’ — ಈ ಪ್ರತಿಜ್ಞೆ ಬರೆದವಳು ನಾನೇ. ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಶಿಬಿರದ ಗೋಡೆಗೆ ಅಂಟಿಸಿದ್ದೆ. ನಿಮ್ಮವ್ವ ಅದರ ಕೆಳಗೇ ಕೂತಿದ್ದರು. ಮಗ್ಗದ ಕಾರ್ಖಾನೆಯಲ್ಲಿ ನೂಲು ಸುತ್ತುವ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು. ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ ಇತ್ತು.

“ಹೊಟ್ಟ್ಯಾಗ ಗಂಟ ಇದ್ದಂಗ ಆಗತೈತ್ರಿ ಅಕ್ಕಾರ,” ಎಂದರು. ವಿಳಾಸ ಕೇಳಿದೆ. ಓಣಿಯ ಹೆಸರು ಹೇಳಿದರು. ಚಾಚಿದ್ದ ಕೈ ಅಲ್ಲೇ ನಿಂತಿತು. ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಅಂಥ ಓಣಿಯವರಿಗೆಂದೇ ಹಿತ್ತಲಲ್ಲಿ ಚಹಾದ ಒಂದು ಬೇರೆ ಕಪ್ಪು ಇತ್ತು — ಅದನ್ನು ನಾನು ಎಂದೂ ಮುಟ್ಟಿದವಳಲ್ಲ. ಅಸಹ್ಯವೇ ಆಯಿತು, ಸುಜಾತಾ. ಅದಕ್ಕೆ ಬೇರೆ ಹೆಸರು ಕೊಡಲಾರೆ.

“ಮುಟ್ಟಿ ನೋಡೂದಿಲ್ಲೇನ್ರಿ?” ಮೆಲ್ಲಗೆ ಕೇಳಿದರು.

“ಏನೂ ಇಲ್ರಿ, ಗ್ಯಾಸ್ ಆಗೇತಿ,” ಎಂದು ಮಾತ್ರೆ ಕೊಟ್ಟೆ.

ಎಂಟು ತಿಂಗಳ ಮೇಲೆ ನಮ್ಮ ವಾರ್ಡಿಗೆ ಬಂದಾಗ ಗಂಟು ಕಣ್ಣಿಗೇ ಕಾಣುತ್ತಿತ್ತು. ದೊಡ್ಡ ಡಾಕ್ಟರು ಕಾರ್ಡು ನೋಡಿ, ಶಿಬಿರದಲ್ಲಿ ಇದು ಇರಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ನಿಮ್ಮವ್ವನಿಗೆ ಮರಾಠಿ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ನನ್ನ ಮುಖ ನೋಡಿ ಹೇಳಿದರು: “ಅವತ್ತ ಈ ಅಕ್ಕಾರು ಮುಟ್ಟಲಿಲ್ರಿ.”

“ಕಾಯ್ ಮ್ಹಣತಾತ?” — ಏನನ್ನುತ್ತಾರೆ ಎಂದು ಡಾಕ್ಟರು ನನ್ನತ್ತ ತಿರುಗಿದರು. ಸುತ್ತ ನಿಂತಿದ್ದ ನಮ್ಮಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ.

ಆಗ ಗಂಟಿರಲಿಲ್ಲವಂತೆ — ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ನಿಮ್ಮವ್ವ ಕೇಳಿಸಿಕೊಂಡರು. ಗೋಡೆಯ ಕಡೆ ಹೊರಳಿ ಮಲಗಿದರು. ಹದಿನೈದು ದಿನಕ್ಕೆ ತೀರಿಕೊಂಡರು.

ಈ ಊರಿಗೇ ಮದುವೆಯಾಗಿ ಬಂದ ನೀನು ಮೊನ್ನೆ ಮಗುವಿಗೆ ಜ್ವರವೆಂದು ನನ್ನ ದವಾಖಾನೆಗೆ ಬಂದೆ. ಕೊರೋಚಿಯ ಶಾಂತವ್ವನ ಮಗಳೆಂದು ಆಗ ತಿಳಿಯಿತು. “ನಮ್ಮವ್ವ ಭಾಳ ತಡಾ ಮಾಡಿದ್ಳ್ರಿ ಮೇಡಂ, ಯಾರಿಗೂ ಹೇಳಲಿಲ್ಲ. ಆ ಸಿಟ್ಟ ನನಗ ಇನ್ನೂ ಹೋಗಿಲ್ರಿ,” ಎಂದೆ ನೀನು. ನಾನು ಮಗುವಿನ ಎದೆಗೆ ಸ್ಟೆತೊಸ್ಕೋಪ್ ಒತ್ತಿ ನೋಡಿ, ಔಷಧಿ ಬರೆದುಕೊಟ್ಟು ಕಳಿಸಿದೆ — ನಿಜವನ್ನು ಮತ್ತೊಮ್ಮೆ ಮುಚ್ಚಿಟ್ಟು.

ಪತ್ರದ ಜೊತೆ ಆ ಕಾರ್ಡು ಇಟ್ಟಿದ್ದೇನೆ. ವಾರ್ಡಿನಿಂದ ಅದನ್ನು ಎತ್ತಿಕೊಂಡು ಬಂದವಳೂ ನಾನೇ. ಯಾರಿಗೆ ಬೇಕಾದರೂ ತೋರಿಸು. ಎಲ್ಲಿಗೆ ಕರೆದರೂ ಬಂದು ಇದನ್ನೇ ಹೇಳುತ್ತೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ನಿಮ್ಮವ್ವನ ಮೇಲಿನ ಸಿಟ್ಟನ್ನು ಮಾತ್ರ ಬಿಟ್ಟುಬಿಡು. ಆ ದಿನ ನಾವು ಶಿಬಿರದ ಬಾಗಿಲು ತೆಗೆಯುವ ಮೊದಲೇ ಅವರು ಬಂದು ಕೂತಿದ್ದರು.