ತಗ್ಗಿದ್ದ ತಂತಿ

ಅಣ್ಣ ಕೊಪ್ಪದ ನಮ್ಮ ಮನೆಗೆ ಬಂದರೆ ಗೇಟಿನಿಂದಲೇ ಕೂಗುತ್ತಿದ್ದ: "ಒಳಗೆ ಯಾರಾದ್ರೂ ಬದುಕಿದ್ದೀರೇನ್ರೇ?" ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ನಮ್ಮ ತವರೂರು ನಾರ್ವೆಯ ಸುದ್ದಿಯೆಲ್ಲ ನನ್ನ ಅಡುಗೆಮನೆಯಲ್ಲಿ ಹರಡಿರುತ್ತಿತ್ತು. ಆ ಕೂಗಿಗಾಗಿ ಈಗಲೂ ಕಿವಿ ಕಾಯುತ್ತದೆ.

ತವರಿನ ತೋಟದಲ್ಲಿ ಕಾಳುಮೆಣಸು ಕೊಯ್ಯುವ ಕಾಲ. ಅಣ್ಣ ಅಲ್ಯೂಮಿನಿಯಂನ ಸಣ್ಣ ಏಣಿಯನ್ನು ನೆಟ್ಟಗೆ ಹಿಡಿದುಕೊಂಡು ಮರದಿಂದ ಮರಕ್ಕೆ ಹೋಗುತ್ತಿದ್ದ. ದಾರಿಯ ಮೇಲೆ ಜೋತುಬಿದ್ದಿದ್ದ ಕರೆಂಟಿನ ತಂತಿಗೆ ಏಣಿ ತಾಗಿತು. ಜೀವ ಉಳಿಯಿತು. ಮೊಣಕೈಯಿಂದ ಕೆಳಗೆ ಬಲಗೈ ಉಳಿಯಲಿಲ್ಲ.

ಆಮೇಲೆ ಅವನು ನಮ್ಮ ಗೇಟು ದಾಟಲಿಲ್ಲ. ನಾನೇ ಹೋದರೆ, "ನಾನು ನೋಡಿ ನಡೀಬೇಕಿತ್ತು" ಎಂಬ ಒಂದೇ ಮಾತು. ವಿದ್ಯುತ್ ಕಂಪನಿಯವರ ಉತ್ತರವೂ ಅದೇ: ಲೋಹದ ಏಣಿ ಹಿಡಿದವನದೇ ಅಜಾಗ್ರತೆ. ಅವನ ತಪ್ಪಲ್ಲ ಎಂದು ಯಾರಾದರೂ ಅವನೆದುರು ಹೇಳಬೇಕಿತ್ತು. ಹಟಹಿಡಿದು ದಾವೆ ಹಾಕಿಸಿದೆ.

ನರಸಿಂಹರಾಜಪುರದ ವಕೀಲರು ಎಲ್ಲ ಕೇಳಿ, "ತಂತಿ ತಗ್ಗಿತ್ತು ಅನ್ನಲಿಕ್ಕೆ ಎಂತ ಉಂಟು?" ಎಂದರು.

ಏನೂ ಇರಲಿಲ್ಲ. ಅವಘಡದ ಮರುದಿನ ಬೆಳಿಗ್ಗೆಯೇ ಲೈನ್‌ಮ್ಯಾನ್ ಬಂದಿದ್ದ, ಊರವರೂ ಸೇರಿದ್ದರು. ಇನ್ನೊಬ್ಬರಿಗೆ ಹೀಗಾಗಬಾರದೆಂದು ತಂತಿ ಬಿಗಿದರು, ಕೊಂಬೆ ಕಡಿದರು. ದುಃಖದಲ್ಲೂ ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ತನಿಖೆಯವರು ಬಂದು ಅಳೆದಾಗ ತಂತಿ ಇರಬೇಕಾದ ಎತ್ತರದಲ್ಲೇ ಇತ್ತು.

"ಸಾಕ್ಷೀನ ಕಾಫಿ ಕೊಟ್ಟು ಕಳಿಸಿದ್ದೀರಲ್ಲ ಮಾರಾಯ್ರೆ!" ವಕೀಲರು ತಲೆ ಹಿಡಿದುಕೊಂಡರು. "ದೂರಾದ್ರೂ ಬರೆದು ಕೊಟ್ಟಿದ್ರಾ?"

ಅದೂ ಇಲ್ಲ. ಲೈನ್‌ಮ್ಯಾನ್ ನಮ್ಮ ತವರಿನ ಜಗಲಿಯಲ್ಲೇ ಕೂತು ಎಲೆಯಡಿಕೆ ಹಾಕುವವನು. ಅವನಿಗೆ ಬಾಯಲ್ಲಿ ಹೇಳಿದರೆ ಕಂಪನಿಗೇ ಹೇಳಿದಂತೆ ಎಂದುಕೊಂಡಿದ್ದೆವು. ಹೇಳಿಯೇ ಇಲ್ಲವೆಂದು ಕಂಪನಿ ವಾದಿಸಿತು.

ಕೊನೆಗೆ ಸಾಕ್ಷಿ ಹೇಳಲು ಒಪ್ಪಿದವರು ನಮ್ಮ ತೋಟದ ಬಾಳೆಗೊನೆ ಒಯ್ಯುತ್ತಿದ್ದ ಕೊಪ್ಪದ ಸಾಬರು. ಕಂಪನಿಯ ವಕೀಲರು ಅವರನ್ನು ತರಾಟೆಗೆ ತೆಗೆದುಕೊಂಡರು: "ತಂತಿ ಅಷ್ಟು ತಗ್ಗಿದ್ದರೆ ಕಂಪನಿಗೆ ಯಾಕೆ ತಿಳಿಸಲಿಲ್ಲ?"

"ತಿಳಿಸೋದು ಎಂತಕ್ಕೆ ಸಾರ್? ಅವತ್ತು ಲೈನ್‌ಮ್ಯಾನೇ ನನ್ನ ಪಿಕಪ್ಪಿನ ಹಿಂದೆ ಗೊನೆ ಮಧ್ಯ ನಿಂತಿದ್ರು. 'ನಿಧಾನ ಸಾಬ್ರೇ, ತಂತಿ ತಲೆಗೆ ತಾಗ್ತದೆ' ಅಂತ ಕೂಗಿ ಅವರೇ ಕುಕ್ಕರಗಾಲಲ್ಲಿ ಕೂತ್ರು. ಅದು ಏಟಾಗೋಕೆ ಮುಂಚಿನ ವಾರ."

ಹಿಂದಿನ ಬೆಂಚಿನವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಅದನ್ನು ನಿಧಾನವಾಗಿ ಬರೆಸಿದರು. ಮುಂದೆ ಕರೆಸಿದಾಗ ಲೈನ್‌ಮ್ಯಾನ್ ಅಣ್ಣನ ಅಂಗಿಯ ಖಾಲಿ ತೋಳನ್ನೊಮ್ಮೆ ನೋಡಿ, "ಹೌದು, ಕೂತಿದ್ದೆ" ಎಂದ.

ತಂತಿ ತಗ್ಗಿದ್ದು ಗೊತ್ತಿದ್ದೂ ಸರಿಪಡಿಸದಿದ್ದುದು ಕಂಪನಿಯ ನಿರ್ಲಕ್ಷ್ಯ, ಗಾಯಗೊಂಡವನ ತಪ್ಪಿಲ್ಲ ಎಂದು ತೀರ್ಪಾಯಿತು. ಹೊರಗೆ ಬಂದ ಅಣ್ಣ ವಕೀಲರನ್ನು ನಿಲ್ಲಿಸಿ, "ಆ ಕೊನೇದು ಇನ್ನೊಂದ್ಸಲ ಹೇಳಿ" ಎಂದ. ಅವರು ಹೇಳಿದರು.

ಹೋಟೆಲಿಗೆ ಹೋದೆವು. ಜನರೆದುರು ಉಣ್ಣುವುದನ್ನೇ ಅವನು ಬಿಟ್ಟಿದ್ದ. ಅಭ್ಯಾಸದಂತೆ ಅವನ ಅನ್ನಕ್ಕೆ ಸಾರು ಕಲೆಸಲು ಹೋದೆ.

"ಬಿಡೇ, ನಾನೆಂತ ಮಗುವಾ?" ಎಂದು ಗದರಿ, ಮಾಣಿಯನ್ನು ಕೂಗಿ ಚಮಚ ತರಿಸಿಕೊಂಡ. ಎಡಗೈ ಇನ್ನೂ ಪಳಗಿರಲಿಲ್ಲ. ಅರ್ಧ ಅನ್ನ ಮೇಜಿನ ಮೇಲೆ ಚೆಲ್ಲಿತು. ಅಣ್ಣ ತಲೆ ತಗ್ಗಿಸದೆ ಉಂಡ.